ಅಚ್ಚು ಮುರಿಯುವ ಜಾಗ

ಧಾರವಾಡದ ಕರ್ನಾಟಕ ಕಾಲೇಜಿನ ಹಳೆಯ ಕಟ್ಟಡವನ್ನು ಕಾಣದ ಸಾಹಿತ್ಯಾಸಕ್ತರು ನಮ್ಮ ಭಾಗದಲ್ಲಿ ವಿರಳ. ಆದರೆ ಆ ಕಟ್ಟಡ ಎದ್ದು ನಿಂತದ್ದು ವಿದ್ಯೆಗಾಗಿ ಅಲ್ಲ, ರೈಲಿಗಾಗಿ ಎಂಬುದು ಎಲ್ಲರ ನೆನಪಿನಲ್ಲಿ ಇರಲಾರದು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ತನ್ನ ಕೇಂದ್ರ ಕಚೇರಿಗೆಂದು ಅದನ್ನು ಕಟ್ಟಿಸಿತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ಕೂಡಿಹೋಯಿತು. ಕಚೇರಿ ಮದ್ರಾಸಿಗೆ ಹೋಯಿತು. 1917ರಲ್ಲಿ ಆರಂಭವಾದ ಕಾಲೇಜು ಮುಂದೆ ಆ ಕಟ್ಟಡಕ್ಕೆ ಬಂದು ನೆಲೆಸಿತು. ಕಂಪನಿಯ ಕಾಗದಪತ್ರಗಳು ಧಾರವಾಡದಲ್ಲಿದ್ದರೆ ಅದರ ಕಬ್ಬಿಣದ ಕೆಲಸವೆಲ್ಲ ಹುಬ್ಬಳ್ಳಿಯಲ್ಲಿ ನಡೆಯುತ್ತಿತ್ತು. 1880ರ ದಶಕದಲ್ಲಿ ಅಲ್ಲಿ ಹುಟ್ಟಿಕೊಂಡ ರೈಲ್ವೆ ಕಾರ್ಖಾನೆ ಇಂದಿಗೂ ಇದೆ. ಅದರ ಭೋಂಗಾದ ಮೇಲೆ ಊರಿನ ಅರ್ಧ ಜನ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು.

ಆ ಕಾರ್ಖಾನೆಯೊಳಗೆ ರಿಪೇರಿಗೆ ಬರುವ ವಸ್ತುಗಳಲ್ಲಿ ಅತ್ಯಂತ ಸರಳವಾದುದು ಒಂದು ಅಚ್ಚು. ಎರಡು ಗಾಲಿಗಳ ನಡುವೆ ಕೂರುವ ಒಂದು ಉಕ್ಕಿನ ದಂಡ, ಅಷ್ಟೇ. ಅದರಲ್ಲಿ ಅಲಂಕಾರವಿಲ್ಲ, ಚಲಿಸುವ ಒಳಭಾಗಗಳಿಲ್ಲ. ಇಂದು ನಾನು ಹೇಳಹೊರಟಿರುವುದು ಆ ದಂಡದ ಚರಿತ್ರೆ. ಅದರ ಮೂಲಕ, ವಸ್ತುವಿನ ಆಕಾರಕ್ಕೂ ಅದರ ಬಲಕ್ಕೂ ಇರುವ ಸಂಬಂಧವನ್ನು ಮನುಷ್ಯ ಹೇಗೆ ಅರಿತುಕೊಂಡ ಮತ್ತು ಆ ಅರಿವನ್ನು ಕಡೆಗೆ ಗಣಕಯಂತ್ರದ ಕೈಗೆ ಹೇಗೆ ಒಪ್ಪಿಸಿದ ಎಂಬ ಕಥೆ. ಅಚ್ಚು ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿರುವುದು ಇಲ್ಲಿ ಅನುಕೂಲವೇ ಆಯಿತು. ಅಕ್ಷದ ತದ್ಭವವಾಗಿ ಅದು ಗಾಲಿಯ ದಂಡ; ಇನ್ನೊಂದು ನೆಲೆಯಲ್ಲಿ ಅದು ಆಕಾರ ಕೊಡುವ ಪಡಿಯಚ್ಚು. ನಮ್ಮ ಕಥೆಗೆ ಎರಡೂ ಬೇಕು.

ಎಲ್ಲಕ್ಕಿಂತ ಮೊದಲು ಒಂದು ದುರಂತ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ದೊರೆ ಲೂಯಿ ಫಿಲಿಪ್ಪನ ಗೌರವಾರ್ಥವಾಗಿ ಉತ್ಸವ ನಡೆದಿತ್ತು. ಅದನ್ನು ನೋಡಿಕೊಂಡು ಪ್ಯಾರಿಸಿಗೆ ಮರಳುತ್ತಿದ್ದ ಜನರಿಂದ ತುಂಬಿದ್ದ ರೈಲೊಂದರ ಮುಂದಿನ ಎಂಜಿನಿನ ಅಚ್ಚು ಮ್ಯೂದೊಂ ಊರಿನ ಬಳಿ ಮುರಿಯಿತು. ಎಂಜಿನು ಹಳಿ ತಪ್ಪಿ ಬಿದ್ದಿತು, ಹಿಂದಿನ ಡಬ್ಬಿಗಳು ಅದರ ಮೇಲೇರಿದವು, ಬೆಂಕಿ ಹತ್ತಿತು. ಪ್ರಯಾಣಿಕರ ಸುರಕ್ಷತೆಗೆಂದೇ ಡಬ್ಬಿಗಳ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದ್ದರು. ಐವತ್ತಕ್ಕೂ ಹೆಚ್ಚು ಮಂದಿ ಒಳಗೇ ಸುಟ್ಟು ಸತ್ತರು. ಅಂಟಾರ್ಕ್ಟಿಕದ ಹಿಮಸಾಗರವನ್ನು ದಾಟಿ ಬದುಕಿ ಬಂದಿದ್ದ ನಾವಿಕ ದ್ಯೂಮೊಂ ದ್ಯುರ್ವಿಲ್ ತನ್ನ ಹೆಂಡತಿ ಮಗನೊಡನೆ ತೀರಿಕೊಂಡದ್ದೂ ಅಲ್ಲಿಯೇ.

ಆ ಅಚ್ಚು ಮುರಿದದ್ದೇಕೆ? ಹೊರಬೇಕಾದ ಭಾರಕ್ಕಿಂತ ಹೆಚ್ಚಿನ ಭಾರವೇನೂ ಅದರ ಮೇಲೆ ಬಿದ್ದಿರಲಿಲ್ಲ. ಹಿಂದೆ ಎಷ್ಟೋ ಸಲ ಅದೇ ಭಾರವನ್ನು ಹೊತ್ತು ಅದೇ ದಾರಿಯಲ್ಲಿ ಉರುಳಿತ್ತು. ಹಾಗೆ ಮುರಿದ ಕಬ್ಬಿಣದ ತುಂಡುಗಳ ಮುಖ ಹರಳು ಹರಳಾಗಿ ಕಾಣುತ್ತಿದ್ದುದರಿಂದ, ಸದಾ ಅದುರಾಟಕ್ಕೆ ಸಿಕ್ಕ ಕಬ್ಬಿಣ ತನ್ನ ನಾರಿನ ಗುಣವನ್ನು ಬಿಟ್ಟು ಹರಳಾಗಿ ಪರಿವರ್ತನೆಗೊಳ್ಳುತ್ತದೆ ಎಂದು ಬಲ್ಲವರು ಹೇಳುತ್ತಿದ್ದರು. ಅದೊಂದು ಆಕರ್ಷಕ ವಾದ, ಆದರೆ ಸುಳ್ಳು. ಮರುವರ್ಷ, 1843ರಲ್ಲಿ, ಇಪ್ಪತ್ತರ ಹರೆಯದ ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ರ‍್ಯಾಂಕಿನ್ ಒಂದು ಪ್ರಬಂಧವನ್ನು ಓದಿದ. ಮುಂದೆ ಉಷ್ಣಗತಿಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದ ಮನುಷ್ಯ ಆತ. ಆತ ಕಬ್ಬಿಣದ ಹರಳುಗಳನ್ನು ಕುರಿತು ತಲೆಕೆಡಿಸಿಕೊಳ್ಳುವ ಬದಲು, ಅಚ್ಚು ಮುರಿದದ್ದು ಎಲ್ಲಿ ಎಂದು ನೋಡಿದ. ದಪ್ಪವಾದ ದಂಡವು ಬೇರಿಂಗಿನೊಳಗೆ ಕೂರುವುದಕ್ಕಾಗಿ ಥಟ್ಟನೆ ಸಪೂರವಾಗುವ ಜಾಗದಲ್ಲಿ, ಅದರ ಕತ್ತಿನಲ್ಲಿ, ಅದು ಮುರಿಯುತ್ತಿತ್ತು. ಕತ್ತಿನ ಸುತ್ತ ನುಣುಪಾದ ಸೀಳೊಂದು ಹುಟ್ಟಿ ದಿನದಿಂದ ದಿನಕ್ಕೆ ಒಳಕ್ಕೆ ಇಳಿದು, ನಡುವೆ ಉಳಿದ ತಿರುಳು ಭಾರ ತಾಳದಷ್ಟು ಕಿರಿದಾದ ದಿನ ಅಚ್ಚು ಎರಡಾಗುತ್ತಿತ್ತು. ಆ ಜಾಗದಲ್ಲಿ ಚೂಪಾದ ಒಳಮೂಲೆಯ ಬದಲು ಬಾಗಿದ ತಿರುವು ಕೊಡಿ ಎಂಬುದು ರ‍್ಯಾಂಕಿನ್ನನ ಸಲಹೆಯ ಸಾರ. ಲೋಹವನ್ನು ಬದಲಿಸಿ ಎನ್ನಲಿಲ್ಲ, ದಪ್ಪ ಮಾಡಿ ಎನ್ನಲಿಲ್ಲ. ಆಕಾರವನ್ನು ತಿದ್ದಿ ಎಂದ.

ಈ ಮಾತು ಅರ್ಥವಾಗಬೇಕಾದರೆ ಅಚ್ಚಿನೊಳಗೆ ಏನು ನಡೆಯುತ್ತದೆ ಎಂಬುದನ್ನು ತುಸು ಕಲ್ಪಿಸಿಕೊಳ್ಳಬೇಕು. ಭಾರ ಹೊತ್ತ ದಂಡ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಅದರ ಒಂದು ಮೈ ಹಿಗ್ಗುತ್ತದೆ, ಎದುರಿನ ಮೈ ಕುಗ್ಗುತ್ತದೆ. ದಂಡ ಉರುಳುತ್ತಿರುವುದರಿಂದ ಈ ಕ್ಷಣ ಹಿಗ್ಗಿದ ಮೈ ಅರ್ಧ ಸುತ್ತಿನ ನಂತರ ಕುಗ್ಗಿರುತ್ತದೆ. ನಮ್ಮ ರೈಲಿನ ಪ್ರಯಾಣಿಕ ಡಬ್ಬಿಯ ಗಾಲಿಯ ಅಡ್ಡಳತೆ ಸುಮಾರು 91 ಸೆಂಟಿಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇರುವ ಇಪ್ಪತ್ತು ಕಿಲೋಮೀಟರುಗಳಲ್ಲಿ ಅಂಥ ಗಾಲಿ ಏಳು ಸಾವಿರದಷ್ಟು ಸುತ್ತು ಹಾಕುತ್ತದೆ. ಬೆಂಗಳೂರು ಮುಟ್ಟುವಷ್ಟರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು. ನಾವು ಡಬ್ಬಿಯಲ್ಲಿ ಕುಳಿತು ಗಿರ್ಮಿಟ್ ತಿನ್ನುತ್ತಿರುವಾಗ ಕಾಲ ಕೆಳಗಿನ ಉಕ್ಕು ಅಷ್ಟು ಸಲ ಹಿಗ್ಗಿ, ಅಷ್ಟು ಸಲ ಕುಗ್ಗಿರುತ್ತದೆ. ಒಂದು ಸಲಕ್ಕೆ ಏನೂ ಆಗದ ಭಾರ ಲಕ್ಷಾಂತರ ಸಲಕ್ಕೆ ಮಾರಕವಾಗಬಲ್ಲದು. ಇದನ್ನು ಪ್ರಷ್ಯದ ರೈಲ್ವೆಯಲ್ಲಿದ್ದ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ವರ್ಷಾನುಗಟ್ಟಲೆ ದಂಡಗಳನ್ನು ತಿರುಗಿಸಿ ತಿರುಗಿಸಿ ಅಳೆದು ತೋರಿಸಿದ. ಲೋಹಕ್ಕೂ ದಣಿವು ಇದೆ ಎಂಬ ಮಾತು ಆಗಿನಿಂದ ಉಪಮೆಯಾಗಿ ಉಳಿಯದೆ ಲೆಕ್ಕವಾಯಿತು.

ಇಂಗ್ಲಿಷಿನಲ್ಲಿ ಸ್ಟ್ರೆಸ್ ಎನ್ನುವುದನ್ನು ನಮ್ಮ ಪಠ್ಯಪುಸ್ತಕಗಳು ಪೀಡನ ಎಂದು ಕರೆದಿವೆ. ಈಗ ಮನುಷ್ಯರ ಮನಸ್ಸಿಗೂ ಅದೇ ಇಂಗ್ಲಿಷ್ ಪದವನ್ನು ಹಚ್ಚುತ್ತೇವೆ. ಅದು ಬೇರೆ ಮಾತು. ಭಾರ ವಸ್ತುವಿನ ಹೊರಗಿನದು, ಪೀಡನ ಒಳಗಿನದು. ಅಂಗುಲ ಅಂಗುಲದ ಪಾಲಿಗೆ ಬಂದ ಹೊರೆ ಅದು. ಹೊಳೆಯ ನೀರಿನಂತೆ ಅದು ವಸ್ತುವಿನೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆ ಎಂದು ಊಹಿಸಿಕೊಂಡರೆ ತಪ್ಪಿಲ್ಲ. ಪಾತ್ರ ಥಟ್ಟನೆ ಕಿರಿದಾದ ಕಡೆ, ಬಂಡೆಯ ಮೂಲೆಯನ್ನು ಬಳಸಿ ತಿರುಗುವ ಕಡೆ, ನೀರು ಹೇಗೆ ಕಿಕ್ಕಿರಿದು ನುಗ್ಗುತ್ತದೆಯೋ ಹಾಗೆಯೇ ಪೀಡನವೂ ಒಳಮೂಲೆಯಲ್ಲಿ ಕಿಕ್ಕಿರಿಯುತ್ತದೆ. 1898ರಲ್ಲಿ ಜರ್ಮನಿಯ ಕಿರ್ಶ್ ಎಂಬ ಎಂಜಿನಿಯರ್ ಎಳೆದು ಹಿಡಿದ ಅಗಲವಾದ ತಗಡಿನಲ್ಲಿ ಒಂದು ಸಣ್ಣ ದುಂಡು ತೂತು ಕೊರೆದರೆ ಆ ತೂತಿನ ಅಂಚಿನಲ್ಲಿ ಪೀಡನ ಮೂರು ಪಟ್ಟಾಗುತ್ತದೆ ಎಂದು ಗಣಿತದಿಂದ ಸಾಧಿಸಿದ. ತೂತು ಎಷ್ಟೇ ಚಿಕ್ಕದಾಗಿರಲಿ, ಅದೇ ಮೂರು ಪಟ್ಟು! 1913ರಲ್ಲಿ ಇಂಗ್ಲೆಂಡಿನ ಇಂಗ್ಲಿಸ್ ತೂತು ದುಂಡಾಗಿರದೆ ಮೊಟ್ಟೆಯಂತೆ ಉದ್ದವಾಗಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದ. ಎಳೆತಕ್ಕೆ ಅಡ್ಡಲಾಗಿ ಅದರ ಉದ್ದ ಅಗಲದ ಹತ್ತರಷ್ಟಿದ್ದರೆ ತುದಿಯಲ್ಲಿ ಪೀಡನ ಇಪ್ಪತ್ತೊಂದು ಪಟ್ಟು. ಸೀಳು ಎಂದರೆ ಇನ್ನೇನು? ಅಗಲವೇ ಇಲ್ಲದ ಉದ್ದನೆಯ ತೂತು.

ಇದಕ್ಕೆ ಕೇಂಬ್ರಿಜ್ಜಿಗೆ ಹೋಗಬೇಕಾಗಿಲ್ಲ. ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ಕುಳಿತವನು ಮೊದಲು ಕತ್ತರಿಯಿಂದ ಅಂಚಿಗೊಂದು ಚಿಕ್ಕ ಕಚ್ಚು ಹಾಕಿ ಆಮೇಲೆ ಬಟ್ಟೆಯನ್ನು ಎಳೆದು ಹರಿಯುತ್ತಾನೆ. ಎರಡು ಎತ್ತು ಎಳೆದರೂ ಹರಿಯದ ಅರಿವೆ ಎರಡು ಬೆರಳಿಗೆ ಹರಿಯುತ್ತದೆ. ಅದೇ ರೀತಿ ತಗಡಿನಲ್ಲಿ ಬಿರುಕು ಬಿಟ್ಟಿದ್ದರೆ ಅನುಭವಸ್ಥ ಮಿಸ್ತ್ರಿ ಅದರ ತುದಿಗೆ ಒಂದು ದುಂಡು ತೂತು ಕೊರೆದು ಬಿರುಕು ಮುಂದಕ್ಕೆ ಓಡದಂತೆ ನಿಲ್ಲಿಸುತ್ತಾನೆ. ಹಾಳಾದದ್ದನ್ನು ಇನ್ನಷ್ಟು ಕೊರೆದು ಗಟ್ಟಿ ಮಾಡುವ ಈ ವಿದ್ಯೆ ನೋಡುವವರಿಗೆ ತಲೆಕೆಳಗಾಗಿ ಕಾಣುತ್ತದೆ. ಆದರೆ ಚೂಪಾದ ತುದಿಯನ್ನು ದುಂಡಗೆ ಮಾಡಿ ಪೀಡನವನ್ನು ಇಳಿಸುವ ಇಂಗ್ಲಿಸನ ಗಣಿತ ಅದೇ. ಲೋಹ ಕಡಿಮೆ ಮಾಡಿದಾಗ ಬಲ ಹೆಚ್ಚುವುದುಂಟು. ಆಕಾರದ ವಿಚಾರದಲ್ಲಿ ಕಲಿಯಬೇಕಾದ ಮೊದಲ ಪಾಠ ಇದು, ಮತ್ತು ಮನಸ್ಸು ಒಪ್ಪಲು ಹೆಚ್ಚು ಕಾಲ ತೆಗೆದುಕೊಂಡ ಪಾಠವೂ ಇದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಬೆಸೆದು ಕಟ್ಟಿದ ಸರಕು ಹಡಗುಗಳಲ್ಲಿ ಬಿರುಕುಗಳು ಮೇಲಟ್ಟದ ಚೌಕ ಬಾಗಿಲುಗಳ ಮೂಲೆಗಳಿಂದ ಹೊರಟವು. 1954ರಲ್ಲಿ ಕಾಮೆಟ್ ಎಂಬ ಜೆಟ್ ವಿಮಾನಗಳೆರಡು ಮೂರೇ ತಿಂಗಳ ಅಂತರದಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ಒಡೆದು ಚೂರಾದವು. ಅಲ್ಲಿಯೂ ಬೆರಳು ತೋರಿದ್ದು ಕಿಂಡಿಯೊಂದರ ಮೂಲೆಯ ಬಳಿಯ ರಿವೆಟ್ ತೂತಿನತ್ತ. ರ‍್ಯಾಂಕಿನ್ನನ ಪ್ರಬಂಧಕ್ಕೆ ಆಗ ನೂರಹನ್ನೊಂದು ವರ್ಷ.

ಇಲ್ಲಿ ತುಸು ಹಿಂದೆ ಹೋಗಬೇಕು. ಭಾರಕ್ಕೆ ತಕ್ಕ ಆಕಾರ ಎಂಬ ವಿಚಾರ ಉಕ್ಕಿನ ಯುಗದಲ್ಲಿ ಹುಟ್ಟಿದ್ದಲ್ಲ. ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಚಾಳುಕ್ಯರ ಕಾಲದ ಚಂದ್ರಮೌಳೇಶ್ವರ ದೇಗುಲವಿದೆ. ಸ್ವಲ್ಪ ದೂರ ಹೋದರೆ ಲಕ್ಕುಂಡಿ. ಆ ಗುಡಿಗಳ ಕಂಬಗಳನ್ನು ನಾವು ಶಿಲ್ಪವೆಂದು ನೋಡುತ್ತೇವೆ, ಕಡೆದ ನುಣುಪಿಗೆ ಬೆರಗಾಗುತ್ತೇವೆ. ಆದರೆ ಕಂಬದ ತಲೆಯ ಮೇಲೆ ಎರಡೂ ಕಡೆ ಚಾಚಿಕೊಂಡ ಬೋದಿಗೆಯನ್ನು ಒಮ್ಮೆ ಭಾರದ ಕಣ್ಣಿನಿಂದ ನೋಡಬೇಕು. ಕಲ್ಲು ಅದುಮುವಿಕೆಯನ್ನು ತಾಳುತ್ತದೆ, ಎಳೆತವನ್ನು ತಾಳದು. ಕಲ್ಲಿನ ತೊಲೆ ಬಾಗಿದರೆ ಅದರ ಕೆಳಮೈ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಮೈಯುದ್ದಕ್ಕೂ ಸಮನಾಗಿ ಭಾರ ಹೊತ್ತ ತೊಲೆಯ ಬಾಗು ಅದರ ಹರವಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹತ್ತು ಮೊಳದ ಹರವನ್ನು ಬೋದಿಗೆಗಳು ಎರಡು ಕಡೆಯಿಂದ ಒಂದೊಂದು ಮೊಳ ತಿಂದು ಎಂಟಕ್ಕೆ ಇಳಿಸಿದರೆ, ತೊಲೆಯನ್ನು ಮುರಿಯುವ ಬಲ ನೂರಕ್ಕೆ ಅರವತ್ತನಾಲ್ಕಕ್ಕೆ ಇಳಿಯುತ್ತದೆ. ಶಿಲ್ಪಿಗೆ ಈ ಅಂಕಿ ಗೊತ್ತಿರಬೇಕಾಗಿರಲಿಲ್ಲ. ಬಿರಿದ ತೊಲೆಗಳು ಅವನಿಗೆ ಗೊತ್ತಿದ್ದವು. ನಮ್ಮ ಬಡಿಗರು ಚಕ್ಕಡಿಯ ಅಚ್ಚಿನ ನಡುವನ್ನು ದಪ್ಪ ಬಿಟ್ಟು ತುದಿಯ ಕಡೆ ಮೆಲ್ಲಗೆ ಸಪೂರ ಮಾಡುವುದೂ ಇಂಥದೇ ತಿಳಿವಳಿಕೆ. ಕೈಯಿಂದ ಕೈಗೆ ಬಂದದ್ದು. ಕಾರಣ ಕೇಳಿದರೆ ಮೊದಲಿನಿಂದ ಹೀಗೇ ಎಂಬ ಉತ್ತರ ಬರುತ್ತದೆ.

ಕಾರಣವನ್ನು ಮೊದಲು ಬರೆದಿಟ್ಟವನು ಗೆಲಿಲಿಯೊ. ಭೂಮಿಯ ಚಲನೆಯ ವಿಷಯದಲ್ಲಿ ಶಿಕ್ಷೆಗೊಳಗಾಗಿ ಗೃಹಬಂಧನದಲ್ಲಿದ್ದ ಮುದುಕ, 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚಾದ ತನ್ನ ಕೊನೆಯ ಗ್ರಂಥದಲ್ಲಿ ಒಂದು ಪ್ರಶ್ನೆ ಎತ್ತಿದ. ಗೋಡೆಯಿಂದ ಹೊರಚಾಚಿದ ತೊಲೆಯ ತುದಿಗೆ ಭಾರ ತೂಗಹಾಕಿದರೆ ಅದು ಬುಡದಲ್ಲಿ ಮುರಿಯುತ್ತದೆ. ತುದಿಯ ಕಡೆಯ ಮರ ಸುಮ್ಮನೆ ಕುಳಿತಿರುತ್ತದೆ. ಹಾಗಾದರೆ ಎಲ್ಲ ಕಡೆಯೂ ಸಮನಾಗಿ ದುಡಿಯುವ ತೊಲೆಯ ಆಕಾರ ಯಾವುದು? ಪ್ಯಾರಾಬೋಲ ಎಂಬ ಬಾಗುಗೆರೆಯಲ್ಲಿ ಕೊರೆದದ್ದು ಎಂದು ಆತ ತೋರಿಸಿದ. ಹಾಗೆ ಕೊರೆದರೆ ಮೂರರಲ್ಲೊಂದು ಪಾಲು ಮರ ಉಳಿಯುತ್ತದೆ, ಬಲ ಎಳ್ಳಷ್ಟೂ ಕಡಿಮೆಯಾಗದು. ತೊಲೆಯ ಒಟ್ಟು ಬಲವನ್ನು ಕುರಿತ ಅವನ ಲೆಕ್ಕ ಪೂರ್ತಿ ಸರಿಯಾಗಿರಲಿಲ್ಲ ಎಂಬುದು ಮುಂದೆ ತಿಳಿಯಿತು. ಆಕಾರವನ್ನು ಕುರಿತ ಮಾತು ಮಾತ್ರ ಇಂದಿಗೂ ನಿಂತಿದೆ.

ಆದರೆ ಗೆಲಿಲಿಯೊ ಕೇಳಿದ ಪ್ರಶ್ನೆ ಅವನ ನಂತರ ಬಹುಕಾಲ ಮೂಲೆ ಸೇರಿತು. ಹತ್ತೊಂಬತ್ತನೆಯ ಶತಮಾನದ ಮಹಾಗಣಿತಜ್ಞರು ಕೇಳಿದ್ದು ಅದರ ತಿರುಗುಮುರುಗು ಪ್ರಶ್ನೆಯನ್ನು: ಆಕಾರ ಇದು, ಭಾರ ಇದು, ಒಳಗಿನ ಪೀಡನ ಎಷ್ಟು? ಇದಕ್ಕೇ ಉತ್ತರ ಹೇಳುವುದು ಕಷ್ಟವಾಗಿತ್ತು. ದುಂಡು ತೂತು, ಮೊಟ್ಟೆ ತೂತು, ನೆಟ್ಟನೆಯ ತೊಲೆ, ಇಂಥ ಕೆಲವು ಸಾಧು ಆಕಾರಗಳಿಗೆ ಮಾತ್ರ ಗಣಿತ ಒಲಿಯುತ್ತಿತ್ತು. ನಿಜವಾದ ಎಂಜಿನಿನ ನಿಜವಾದ ಭಾಗ ಬಂದರೆ ಸಮೀಕರಣಗಳು ಕೈಚೆಲ್ಲುತ್ತಿದ್ದವು. ಆಗ ಪಾರದರ್ಶಕ ವಸ್ತುವಿನಲ್ಲಿ ಅದರ ಮಾದರಿ ಕತ್ತರಿಸಿ, ಧ್ರುವೀಕರಿಸಿದ ಬೆಳಕಿನಲ್ಲಿ ಹಿಡಿದು, ಭಾರ ಹೇರಿದಾಗ ಮೂಡುವ ಬಣ್ಣದ ಪಟ್ಟೆಗಳನ್ನು ಎಣಿಸುತ್ತಿದ್ದರು. ನೋಡಲು ಬಹು ಸೊಗಸು: ಮೂಲೆಯಲ್ಲಿ ಪಟ್ಟೆಗಳು ಜಾತ್ರೆಯ ಜನದಂತೆ ಒತ್ತಾಗಿ ಸೇರಿರುತ್ತವೆ, ಚಾಚಿದ ಹೊರಮೂಲೆಗಳಲ್ಲಿ ಒಂದೂ ಇರುವುದಿಲ್ಲ. 1934ರಲ್ಲಿ ಬೌಡ್ ಎಂಬಾತ ಹೀಗೆಯೇ ಮಾದರಿಗಳನ್ನು ನೋಡಿ ನೋಡಿ, ಕತ್ತಿನ ತಿರುವಿನ ಉದ್ದಕ್ಕೂ ಪೀಡನ ಸಮನಾಗಿರುವಂಥ ಬಾಗುಗೆರೆಯನ್ನು ಸೂಚಿಸಿದ. ರಂಧ್ರದಿಂದ ಹೊರಚಿಮ್ಮುವ ದ್ರವದ ಧಾರೆ ಯಾವ ಗೆರೆಯಲ್ಲಿ ಕಿರಿದಾಗುವುದೋ ಅದೇ ಗೆರೆ. ಹೊಳೆಯ ನೀರಿನ ಹೋಲಿಕೆ ಬರೀ ಹೋಲಿಕೆಯಾಗಿರಲಿಲ್ಲ ಎಂದಾಯಿತು.

ಗಂಟು ಬಿಡಿಸಿದ್ದು ಗಣಕಯಂತ್ರ. 1956ರಲ್ಲಿ ಅಮೆರಿಕದ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು ವಿಮಾನದ ರೆಕ್ಕೆಗಳ ಲೆಕ್ಕಕ್ಕಾಗಿ ಒಂದು ವಿಧಾನವನ್ನು ಪ್ರಕಟಿಸಿದರು. 1960ರಲ್ಲಿ ಕ್ಲಫ್ ಅದಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಎಂದು ಹೆಸರಿಟ್ಟರು. ನಾವು ಸೀಮಿತಾಂಶ ವಿಧಾನ ಎನ್ನಬಹುದು. ಎಂಥ ವಕ್ರ ಆಕಾರವನ್ನಾದರೂ ಸಾವಿರಾರು ಸಣ್ಣ ತ್ರಿಕೋಣಗಳಾಗಿ ಕಡಿದು, ಒಂದೊಂದರ ನಡವಳಿಕೆಯನ್ನು ಸರಳ ಲೆಕ್ಕದಿಂದ ಹೇಳಿ, ನೆರೆಹೊರೆಯ ತ್ರಿಕೋಣಗಳು ಕೂಡುವ ಬಿಂದುಗಳಲ್ಲಿ ಅವು ಬಿಟ್ಟುಹೋಗದಂತೆ ಹೊಲಿದುಬಿಡುವುದು. ಲೆಕ್ಕ ಸರಳ, ಆದರೆ ಅಪಾರ. ಮನುಷ್ಯ ಒಂದು ಜನ್ಮದಲ್ಲಿ ಮುಗಿಸಲಾರದ ಅದನ್ನು ಯಂತ್ರ ಬೇಸರವಿಲ್ಲದೆ ಮಾಡುತ್ತದೆ. ನಮ್ಮ ನಾಡಿನಲ್ಲೂ ಈ ವಿಧಾನಕ್ಕೆ ಗಂಭೀರ ಕೊಡುಗೆ ಸಂದಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿದ್ದ ಗಂಗನ್ ಪ್ರತಾಪ್ ಕೆಲವು ಬಗೆಯ ಅಂಶಗಳು ತೆಳುವಾದಂತೆಲ್ಲ ಇಲ್ಲದ ಬಿಗುವನ್ನು ತೋರಿಸಿ ಲೆಕ್ಕವನ್ನೇ ಹೂತುಹಾಕುವುದು ಏಕೆ ಎಂಬುದನ್ನು ವಿವರಿಸಿದರು. ಅವರ ಗ್ರಂಥ 1993ರಲ್ಲಿ ಬಂದಿತು.

ಸರಿ, ಕೊಟ್ಟ ಆಕಾರದ ಪೀಡನ ತಿಳಿಯಿತು. ಮೂಲೆಯಲ್ಲಿ ಹೆಚ್ಚಾಗಿದೆ ಎಂದು ತೆರೆಯ ಮೇಲೆ ಕೆಂಪು ಬಣ್ಣ ಹೇಳಿತು. ಎಂಜಿನಿಯರ್ ಮೂಲೆಯನ್ನು ತುಸು ದುಂಡಗೆ ಮಾಡಿ ಮತ್ತೆ ಚಿತ್ರ ಬರೆಯಬೇಕು, ಮತ್ತೆ ತ್ರಿಕೋಣಗಳಾಗಿ ಕಡಿಯಬೇಕು, ಮತ್ತೆ ಲೆಕ್ಕ. ಹತ್ತು ಸಲಕ್ಕೆ ಸಾಕಾಗಿ, ಇಷ್ಟೇ ಇರಲಿ ಎಂದು ಬಿಡುತ್ತಿದ್ದ. ಗೆಲಿಲಿಯೊನ ಪ್ರಶ್ನೆಗೆ ಮರಳಬೇಕಾದರೆ ಚಿತ್ರವೇ ತನ್ನನ್ನು ತಾನು ತಿದ್ದಿಕೊಳ್ಳುವಂತಿರಬೇಕು. ಅಳತೆಗಳು ಅಂಕಿಗಳಾಗಿರದೆ ಅಕ್ಷರಗಳಾಗಿರಬೇಕು. ಒಂದರ ಅಳತೆ ಬದಲಾದರೆ ಅದಕ್ಕೆ ನಂಟಾದ ಉಳಿದೆಲ್ಲವೂ ತಾವಾಗಿ ಸರಿಹೊಂದಬೇಕು. ಇದನ್ನು ಪ್ಯಾರಾಮೆಟ್ರಿಕ್ ಮಾದರಿ ಎನ್ನುತ್ತಾರೆ. ಹೆಸರು ಭಯ ಹುಟ್ಟಿಸುವಂತಿದೆಯಾದರೂ ಕನ್ನಡ ಕಾವ್ಯದ ಓದುಗರಿಗೆ ಇದು ಅಪರಿಚಿತವಲ್ಲ.

ಷಟ್ಪದಿಯ ಕಟ್ಟನ್ನು ನೆನಪಿಸಿಕೊಳ್ಳಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಸಮ. ಮೂರು ಮತ್ತು ಆರನೆಯ ಸಾಲುಗಳು ಮೊದಲನೆಯದರ ಒಂದೂವರೆಯಷ್ಟು, ಮೇಲೊಂದು ಗುರು. ನಿಯಮ ಇಷ್ಟೇ. ಇದರೊಳಗೆ ಗಣವನ್ನು ಮಾತ್ರ ಬದಲಾಯಿಸುತ್ತ ಹೋಗಿ. ಸಾಲಿಗೆ ನಾಲ್ಕು ಮಾತ್ರೆಯ ಎರಡು ಗಣ ಇಟ್ಟರೆ ಶರ. ಐದರ ಎರಡು ಇಟ್ಟರೆ ಕುಸುಮ. ಮೂರರ ನಾಲ್ಕು ಇಟ್ಟರೆ ಭೋಗ. ಮೂರು ನಾಲ್ಕು ಮೂರು ನಾಲ್ಕು ಎಂದರೆ ಭಾಮಿನಿ. ನಾಲ್ಕರ ನಾಲ್ಕು ಪರಿವರ್ಧಿನಿ. ಐದರ ನಾಲ್ಕು ವಾರ್ಧಕ. ಭಾಮಿನಿಯ ಮೊದಲ ಸಾಲಿಗೆ ಹದಿನಾಲ್ಕು ಮಾತ್ರೆ ಎಂದೊಡನೆ ಮೂರನೆಯ ಸಾಲಿಗೆ ಇಪ್ಪತ್ತೊಂದು, ಮೇಲೆ ಗುರುವಿನ ಎರಡು, ಒಟ್ಟು ಇಪ್ಪತ್ತಮೂರು ಎಂಬುದು ತಾನಾಗಿ ನಿಶ್ಚಯವಾಗುತ್ತದೆ. ಅದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆರು ಛಂದಸ್ಸುಗಳಲ್ಲ, ಒಂದೇ ಸಂಬಂಧದ ಆರು ಬೆಲೆಗಳು. ಹುಬ್ಬಳ್ಳಿಯ ಪಕ್ಕದ ಕೋಳಿವಾಡದವನೆಂದು ಹೇಳಲಾಗುವ ಕುಮಾರವ್ಯಾಸ ಭಾಮಿನಿಯನ್ನೂ ಲಕ್ಷ್ಮೀಶ ವಾರ್ಧಕವನ್ನೂ ಆರಿಸಿಕೊಂಡದ್ದು ಅವರವರ ಕಾವ್ಯದ ಭಾರಕ್ಕೆ ತಕ್ಕಂತೆ. ಅಚ್ಚಿನ ಮಾದರಿಯೂ ಹೀಗೆಯೇ: ಕತ್ತಿನ ದಪ್ಪ, ಗಾಲಿ ಕೂರುವ ಪೀಠದ ದಪ್ಪ, ಅವೆರಡರ ನಡುವಿನ ತಿರುವಿನ ತ್ರಿಜ್ಯ, ಇವು ಅಕ್ಷರಗಳು; ತಿರುವು ಎರಡು ಕಡೆಯೂ ಅಂಚಿಲ್ಲದೆ ಕೂಡಿಕೊಳ್ಳಬೇಕು ಎಂಬುದು ನಿಯಮ.

1963ರಲ್ಲಿ ಅಮೆರಿಕದ ಐವನ್ ಸದರ್‌ಲ್ಯಾಂಡ್ ಗಣಕದ ತೆರೆಯ ಮೇಲೆ ಬರೆದ ಗೆರೆಗಳಿಗೆ ಇಂಥ ನಿಯಮಗಳನ್ನು ಹಚ್ಚಿ ತೋರಿಸಿದ್ದರು. ಲೆನಿನ್‌ಗ್ರಾಡಿನಿಂದ ಅಮೆರಿಕಕ್ಕೆ ವಲಸೆ ಹೋದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್ 1985ರಲ್ಲಿ ಕಟ್ಟಿದ ಕಂಪನಿಯ ಪ್ರೊ-ಎಂಜಿನಿಯರ್ ಎಂಬ ತಂತ್ರಾಂಶ ಆ ದಶಕದ ಕೊನೆಗೆ ಅದನ್ನು ಕಾರ್ಖಾನೆಗಳ ದಿನಬಳಕೆಗೆ ತಂದಿತು. ಆ ಹೊತ್ತಿಗೆ ಆಕಾರವನ್ನೇ ಹುಡುಕುವ ಗಣಿತವೂ ಬೆಳೆದಿತ್ತು. 1973ರಲ್ಲಿ ಜಿಯೆಂಕಿವಿಚ್ ಮತ್ತು ಕ್ಯಾಂಪ್‌ಬೆಲ್ ಸೀಮಿತಾಂಶದ ಜಾಲದ ಹೊರ ಅಂಚಿನ ಬಿಂದುಗಳನ್ನೇ ಸರಿಸುತ್ತ ಒಳ್ಳೆಯ ಆಕಾರವನ್ನು ಅರಸುವ ದಾರಿ ತೋರಿದರು. ಇಲ್ಲೊಂದು ತಮಾಷೆ ನಡೆಯಿತು. ಬಿಂದುಗಳಿಗೆ ಸ್ವಾತಂತ್ರ್ಯ ಕೊಟ್ಟ ಕೆಲವು ಲೆಕ್ಕಗಳಲ್ಲಿ ಯಂತ್ರ ಗರಗಸದ ಹಲ್ಲಿನಂಥ ಅಂಚನ್ನು ತಂದು ಮುಂದಿಟ್ಟು, ಇದೇ ಅತ್ಯುತ್ತಮ ಎಂದಿತು. ಲೋಹದಲ್ಲಿ ಅಂಥ ಹಲ್ಲುಗಳಿದ್ದರೆ ಒಂದೊಂದೂ ಒಂದು ಬಿರುಕಿನ ತೊಟ್ಟಿಲು. ಆದರೆ ಒರಟು ತ್ರಿಕೋಣಗಳ ಲೆಕ್ಕಕ್ಕೆ ಅದು ಕಾಣುತ್ತಿರಲಿಲ್ಲ. ಯಂತ್ರ ಲೋಹದ ಬಲವನ್ನು ಹುಡುಕಿರಲಿಲ್ಲ, ಲೆಕ್ಕದ ದೌರ್ಬಲ್ಯವನ್ನು ಹುಡುಕಿತ್ತು. ಪರೀಕ್ಷಕನ ಅಭ್ಯಾಸಗಳನ್ನು ಅರಿತು ಉತ್ತರ ಬರೆಯುವ ಜಾಣ ವಿದ್ಯಾರ್ಥಿಯಂತೆ. ಬಿಡಿ ಬಿಂದುಗಳ ಬದಲು ಕೆಲವೇ ಅಕ್ಷರಗಳಿಂದ ಬಳುಕುವ ನುಣುಪಾದ ಬಾಗುಗೆರೆಗಳನ್ನು ಅಂಚಿಗೆ ಕಟ್ಟಿದ ಮೇಲೆ, 1980ರ ದಶಕದಲ್ಲಿ, ಆ ಚೇಷ್ಟೆ ಹತೋಟಿಗೆ ಬಂದಿತು. ಛಂದಸ್ಸಿನ ಕಟ್ಟು ಇಲ್ಲದೆ ಹುಡುಕಾಟಕ್ಕೆ ಅರ್ಥ ಇರಲಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರಿದ್ದಾರೆ. ಅಂಚನ್ನು ಸರಿಸುವುದಷ್ಟೇ ಅಲ್ಲ, ಎಲ್ಲಿ ಲೋಹ ಇರಬೇಕು ಎಲ್ಲಿ ಬಯಲಿರಬೇಕು ಎಂಬುದನ್ನೂ ಲೆಕ್ಕವೇ ನಿಶ್ಚಯಿಸಲಿ ಎಂಬ ವಿಧಾನವನ್ನು 1988ರಲ್ಲಿ ಡೆನ್ಮಾರ್ಕಿನ ಬೆಂಡ್ಸೊ ಮತ್ತು ಜಪಾನ್ ಮೂಲದ ಕಿಕುಚಿ ಪ್ರಕಟಿಸಿದರು. ಇದರ ಬೀಜ 1904ರಲ್ಲಿ ಮೆಲ್ಬೋರ್ನಿನ ಮಿಚೆಲ್ ಎಂಬ ಎಂಜಿನಿಯರ್ ಬರೆದ ಕಿರು ಪ್ರಬಂಧದಲ್ಲಿತ್ತು. ಅದನ್ನು ದಶಕಗಟ್ಟಲೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಇಂಥ ಲೆಕ್ಕದಿಂದ ಹೊರಬರುವ ಆಕಾರಗಳು ಮರದ ಕವಲಿನಂತೆ, ಎಲುಬಿನಂತೆ ಕಾಣುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಕೆ. ಅನಂತಸುರೇಶ್ ಇದೇ ಹಾದಿಯಲ್ಲಿ, ಕೀಲುಗಳೇ ಇಲ್ಲದೆ ಬಳುಕಿ ಕೆಲಸ ಮಾಡುವ ಯಂತ್ರಭಾಗಗಳ ಆಕಾರಗಳನ್ನು ಶೋಧಿಸಿದವರು. 2010ರ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು.

ನಮ್ಮೂರಿಗೆ ಮರಳೋಣ. ಹುಬ್ಬಳ್ಳಿಯ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು 1947ರಲ್ಲಿ ಆರಂಭವಾಯಿತು. ಈಗ ಅದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಧಾರವಾಡದ ಧವಳಗಿರಿಯಲ್ಲಿ 1979ರಿಂದ ಎಸ್.ಡಿ.ಎಂ. ಕಾಲೇಜಿದೆ, 2016ರಲ್ಲಿ ಐ.ಐ.ಟಿ.ಯೂ ಧಾರವಾಡಕ್ಕೆ ಬಂದಿತು. ಒಂದು ಕಾಲಕ್ಕೆ ವಿಮಾನ ಕಂಪನಿಗಳ ಗುಟ್ಟಾಗಿದ್ದ ಸೀಮಿತಾಂಶ ವಿಧಾನ ಇಂದು ಯಾಂತ್ರಿಕ ಎಂಜಿನಿಯರಿಂಗ್ ಓದುವವರ ಪಠ್ಯ. ನಗರದ ಕಾರ್ಖಾನೆಗಳಲ್ಲಿ ಕೈಗಾರಿಕಾ ಕವಾಟಗಳು, ಅಂದರೆ ವಾಲ್ವುಗಳು, ತಯಾರಾಗುತ್ತವೆ. ಎರಡು ಕೊಳವೆದಾರಿಗಳು ಅಡ್ಡ ಹಾಯುವ ಕವಾಟದ ಒಡಲು ಆಕಾರದ ಪ್ರಶ್ನೆಗೆ ಅತ್ಯಂತ ಒಳ್ಳೆಯ ನಿದರ್ಶನ. ದಾರಿಗಳು ಕೂಡುವ ಒಳಮೂಲೆಯೇ ಅಲ್ಲಿ ಶತ್ರು. ಗೋಡೆಯನ್ನು ದಪ್ಪ ಮಾಡುತ್ತ ಹೋದರೆ ತೂಕ ಏರುತ್ತದೆ, ಮೂಲೆಯ ಪೀಡನ ಅಷ್ಟಾಗಿ ಇಳಿಯುವುದಿಲ್ಲ. ತಿರುವನ್ನು ದೊಡ್ಡದು ಮಾಡಿದರೆ ಇಳಿಯುತ್ತದೆ. ಇಷ್ಟನ್ನು ಯಂತ್ರ ಹೇಳುತ್ತದೆ. ಆದರೆ ಎರಕದವನ ಮಾತು ಬೇರೆ. ಒಂದೆಡೆ ಲೋಹ ಗುಡ್ಡೆಯಾದರೆ ಅದು ಕೊನೆಗೆ ತಣಿದು ಕುಗ್ಗುತ್ತದೆ, ಒಳಗೆ ಪೊಳ್ಳು ಬೀಳುತ್ತದೆ. ಮರಳಿನ ಅಚ್ಚಿನಿಂದ ಮಾದರಿ ಹೊರಬರಬೇಕಾದರೆ ಮೈ ತುಸು ಓರೆಯಾಗಿರಬೇಕು. ಯಾರಾದರೂ ಇದನ್ನು ಮೊದಲೇ ನಿಯಮವಾಗಿ ಬರೆದು ಕೊಡದಿದ್ದರೆ ಯಂತ್ರಕ್ಕೆ ಇದು ತಿಳಿಯದು. ಅತ್ಯುತ್ತಮ ಆಕಾರ ಎಂಬ ಮಾತಿನ ಹಿಂದೆ, ಯಾವ ಭಾರಕ್ಕೆ, ಯಾವ ಲೋಹಕ್ಕೆ, ಯಾರು ಮಾಡುವುದಕ್ಕೆ ಎಂಬ ಮೂರು ಪ್ರಶ್ನೆಗಳು ಅಡಗಿವೆ. ಅವಕ್ಕೆ ಉತ್ತರ ಬರೆಯುವವನು ಮನುಷ್ಯ. ಅವನು ಬರೆಯದೆ ಬಿಟ್ಟ ಭಾರ ಆ ಆಕಾರದ ಮಟ್ಟಿಗೆ ಲೋಕದಲ್ಲಿಯೇ ಇಲ್ಲ.

ಹಳೆಯ ಯಂತ್ರಗಳಲ್ಲಿ ಅಜ್ಞಾನದ ದಪ್ಪ ಎಂಬುದೊಂದಿತ್ತು. ಲೆಕ್ಕ ತಿಳಿಯದ ಕಡೆ ಹಿರಿಯರು ಲೋಹವನ್ನು ಧಾರಾಳವಾಗಿ ಸುರಿದಿದ್ದರು. ಅವರು ಊಹಿಸದ ಎಷ್ಟೋ ಪೆಟ್ಟುಗಳನ್ನು ಆ ದಪ್ಪ ಸದ್ದಿಲ್ಲದೆ ತಾಳಿಕೊಂಡಿತು. ಆಕಾರವನ್ನು ಒರೆದು ಒರೆದು ತೆಗೆದ ಭಾಗದಲ್ಲಿ ಆ ಉದಾರತೆ ಇರುವುದಿಲ್ಲ. 1970ರ ದಶಕದ ಆರಂಭದಲ್ಲಿಯೇ ಲಂಡನ್ನಿನ ಜೆ. ಎಂ. ಟಿ. ಥಾಮ್ಸನ್ ಇದರ ಇನ್ನೊಂದು ಮುಖವನ್ನು ತೋರಿಸಿದ್ದರು. ಒಂದು ಕಂಬ ಬಳುಕಿ ಸೋಲುವ ಭಾರವೂ ಅದರ ತೆಳು ಗೋಡೆಗಳು ಸುಕ್ಕುಗಟ್ಟಿ ಸೋಲುವ ಭಾರವೂ ಒಂದೇ ಆಗುವಂತೆ ರೂಪಿಸಿದರೆ ಕಾಗದದ ಮೇಲೆ ಅದು ಅತ್ಯುತ್ತಮ. ಆದರೆ ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅಂಥ ಕಂಬ ಲೆಕ್ಕಕ್ಕಿಂತ ಬಹಳ ಮೊದಲೇ ಕುಸಿಯುತ್ತದೆ. ಜಗತ್ತಿನಲ್ಲಿ ಕೂದಲೆಳೆಯಷ್ಟು ಸೊಟ್ಟಗಿಲ್ಲದ ಕಂಬ ಯಾವುದಿದೆ? ಹೀಗಾಗಿ ತೂಕ ಉಳಿಸಿದ ಪ್ರತಿ ಮಾದರಿಯನ್ನೂ ನಾನು ಸ್ವಲ್ಪ ಸಂಶಯದಿಂದಲೇ ನೋಡುತ್ತೇನೆ. ಉಳಿಸಿದ್ದನ್ನು ಎಲ್ಲಿಂದ ಉಳಿಸಿದರು ಎಂದು ಕೇಳಬೇಕಾಗುತ್ತದೆ.

ರೈಲಿನ ಅಚ್ಚು ಈ ವಿಷಯದಲ್ಲಿ ಪಳಗಿದ ವಸ್ತು. ಗಾಲಿಯನ್ನು ಬಲವಂತದಿಂದ ಒತ್ತಿ ಕೂರಿಸುವ ಪೀಠವನ್ನು ಈಗ ಪಕ್ಕದ ಮೈಗಿಂತ ತುಸು ದಪ್ಪವಾಗಿ ಬಿಟ್ಟು, ಅಲ್ಲಿಂದ ದೊಡ್ಡ ತಿರುವಿನಲ್ಲಿ ಇಳಿಸುತ್ತಾರೆ. ಕಾರಣ ರ‍್ಯಾಂಕಿನ್ನನಿಗೆ ಗೊತ್ತಿದ್ದದ್ದಕ್ಕಿಂತ ಒಂದು ಹೆಜ್ಜೆ ಆಚೆಗಿನದು. ಗಾಲಿಯ ಅಂಚಿನ ಕೆಳಗೆ ಎರಡು ಉಕ್ಕುಗಳು ಕಣ್ಣಿಗೆ ಕಾಣದಷ್ಟು ತಿಕ್ಕಾಡಿ, ಮುಚ್ಚಿಹೋದ ಜಾಗದಲ್ಲಿ ಬಿರುಕನ್ನು ಹುಟ್ಟಿಸುತ್ತವೆ. ತಿಕ್ಕಾಟ ಭಾರದ ಪಟ್ಟಿಯಲ್ಲಿ ಮೊದಲು ಇರಲಿಲ್ಲ. ಮುರಿದ ಅಚ್ಚುಗಳು ಅದನ್ನು ಪಟ್ಟಿಗೆ ಸೇರಿಸಿದವು. 1984ರಿಂದ ಬೆಂಗಳೂರಿನ ಯಲಹಂಕದ ಕಾರ್ಖಾನೆಯಲ್ಲಿ ನಮ್ಮ ರೈಲುಗಳ ಗಾಲಿ ಮತ್ತು ಅಚ್ಚುಗಳು ತಯಾರಾಗುತ್ತಿವೆ. ಅವುಗಳ ತಿರುವುಗಳ ಹಿಂದೆ ಇಂಥ ಹಲವು ಸಾವುಗಳ ಲೆಕ್ಕವಿದೆ.

ಇಷ್ಟಾದರೂ ಯಾವ ರೈಲ್ವೆಯೂ ಅಚ್ಚನ್ನು ಲೆಕ್ಕದ ಮೇಲೆ ನಂಬಿ ಬಿಟ್ಟಿಲ್ಲ. ಮೊದಲು ಗಾಲಿಗಳನ್ನು ಉದ್ದ ಹಿಡಿಯ ಸುತ್ತಿಗೆಯಿಂದ ಬಡಿದು ನಾದ ಕೇಳುವವರಿದ್ದರು. ಧಾರವಾಡದ ಬೈಠಕ್ಕುಗಳಲ್ಲಿ ತಂಬೂರಿಯ ಶ್ರುತಿ ಬಿಟ್ಟುದನ್ನು ಹಿಡಿಯುವ ಕಿವಿಯಂತೆ ಅವರ ಕಿವಿ ಒಡಕು ದನಿಯನ್ನು ಹಿಡಿಯುತ್ತಿತ್ತು. ಅಚ್ಚುಗಳಿಗೆ ಇನ್ನೊಂದು ಪರೀಕ್ಷೆ. ಅದನ್ನು ಎಣ್ಣೆಯಲ್ಲಿ ನೆನೆಸಿ, ಒರೆಸಿ, ಮೇಲೆ ಸುಣ್ಣದ ತೆಳು ಲೇಪ ಬಳಿದು ಕಾಯುವುದು. ಎಲ್ಲಿಯಾದರೂ ಕೂದಲಿನಂಥ ಬಿರುಕಿದ್ದರೆ ಒಳಗೆ ಅಡಗಿದ್ದ ಎಣ್ಣೆ ಒಸರಿ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತಿತ್ತು. ಈಗ ಅದರ ಕೆಲಸವನ್ನು ಬಹುಮಟ್ಟಿಗೆ ಶ್ರವಣಾತೀತ ಧ್ವನಿ ಮಾಡುತ್ತದೆ: ಅಚ್ಚಿನ ತುದಿಯಿಂದ ಕಳುಹಿಸಿದ ಅಲೆ ಬಿರುಕಿಗೆ ತಾಗಿ ಮರಳಿದರೆ ತೆರೆಯ ಮೇಲೆ ಒಂದು ಶಿಖರ ಏಳುತ್ತದೆ. ಅದನ್ನು ನೋಡುವ ಕೆಲಸಗಾರ ಮೊದಲು ಕಣ್ಣಿಡುವುದು ಗಾಲಿಯ ಪೀಠ ಮುಗಿದು ತಿರುವು ತೊಡಗುವ ಕಡೆಗೆ ಮತ್ತು ಬೇರಿಂಗಿನ ಪಕ್ಕದ ಕತ್ತಿಗೆ.